ಅಮ್ಮನ ಮನೆಯ ಬಾಡಿಗೆದಾರ

ಬಸ್ ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕ ತಾಯಿ, ಮಗ ಕೂತಿದ್ದರು. ಮಗನ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ, ಕೈಯಲ್ಲಿ ಹನ್ನೆರಡು ರಸೀದಿ.

“ಅಮ್ಮಾ, ಬೇಗ ಸೈನ್ ಹಾಕು. ಇವತ್ತೇ ಕಡೇ ದಿನ.”

“ಏನೋ ಇದು?”

“ಬಾಡಿಗೆ ರಸೀದಿ. ತಿಂಗಳು ತಿಂಗಳು ನಿಂಗೆ ಮನೆ ಬಾಡಿಗೆ ಕೊಟ್ಟಿದೀನಿ ಅಂತ.”

“ಯಾವತ್ತು ಕೊಟ್ಟೆ?”

“ಕೊಟ್ಟಿಲ್ಲಮ್ಮ! ಆಫೀಸಲ್ಲಿ ಇದನ್ನ ತೋರಿಸ್ದಿದ್ರೆ ಈ ತಿಂಗಳ ಸಂಬಳ ಪೂರ್ತಿ ಇನ್‌ಕಮ್ ಟ್ಯಾಕ್ಸ್‌ಗೇ ಹೋಗುತ್ತೆ. ಅಂಗಡಿಯೋರು ಆದಾಯನ ತಮಗೆ ಬೇಕಾದಷ್ಟೇ ತೋರಿಸ್ತಾರೆ. ನಮ್ದು ಸಂಬಳ ಕೈಗೆ ಬರೋಕೆ ಮುಂಚೆನೇ ಟ್ಯಾಕ್ಸ್ ಹಿಡ್ಕೋತಾರೆ.”

“ಅಳಬೇಡ, ಕೊಡು ಪೆನ್ನು.”

ಆಕೆ ಕನ್ನಡಕ ಹಾಕಿಕೊಂಡು ಹನ್ನೆರಡಕ್ಕೂ ಸಹಿ ಮಾಡಿದರು.

“ಇನ್ನು ಒದ್ದೆ ಟವೆಲ್ ಮಂಚದ ಮೇಲೆ ಎಸೆದ್ರೆ ಮನೆ ಖಾಲಿ ಮಾಡಿಸ್ತೀನಿ.”

“ಅಮ್ಮಾ!”

ಬಸ್ಸು ಬಂತು. ಆಕೆ ಎದ್ದು ನಿಂತರು.

“ಬಾಡಿಗೆದಾರ್ರೇ, ಸ್ವಲ್ಪ ಆ ಚೀಲ ಎತ್ಕೊಳ್ಳಿ.”