ಅಂಚಿನಲ್ಲಿ ಕೂತ ಸಾಕ್ಷಿ

ಎಲ್ಲರಿಗೂ ಸಲಾಂ. ತಫೀದಾ ಅಕ್ಕ, ಅಲೆಕ್ಸಾಂಡ್ರಿಯಾ ಫೋಟೋಗ್ರಾಫರುಗಳ ಸಂಘದ ಹಿರಿಯರೇ, ಕೆಲಸ ಬಿಟ್ಟು ಬಂದ ಗೆಳೆಯರೇ —

ನಮ್ಮ ವಗ್ದಿ ಮೇಷ್ಟ್ರು ಹೋಗಿ ಇವತ್ತಿಗೆ ನಲವತ್ತು ದಿನ. ನಾನು ಇನ್ಶಿರಾ, ಹತ್ತೊಂಬತ್ತು ವರ್ಷ ಮದುವೆ ಮನೆಗಳಲ್ಲಿ ಅವರ ಪಕ್ಕ ಎರಡನೇ ಕ್ಯಾಮೆರಾ ಹಿಡಿದವಳು. ಭಾಷಣ ಗೀಷಣ ನನಗೆ ಬರಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೇಷ್ಟ್ರು ದೊಡ್ಡ ಮದುವೆ ಒಪ್ಪುತ್ತಿರಲಿಲ್ಲ. ಹೋಟೆಲಿನವರು ಫೋನ್ ಮಾಡಿದರೆ, "ನಾನೂರು ಜನವಾ? ಅಷ್ಟರಲ್ಲಿ ಮದುಮಗಳನ್ನ ಎಲ್ಲಿ ಹುಡುಕಲಪ್ಪಾ!" ಅಂತ ಇಟ್ಟುಬಿಡೋರು. ಅವರಿಗೆ ಬೇಕಾದದ್ದು ಒಂದು ಸಣ್ಣ ಮನೆ, ಎಂಟು-ಹತ್ತು ಜನ, ಶರಬತ್ತಿನ ತಟ್ಟೆ ತರುತ್ತಾ ಕಣ್ಣೊರೆಸಿಕೊಳ್ಳೋ ತಾಯಿ. ಕ್ಲಿಕ್ ಮಾಡೋ ಮುಂಚೆ ಒಂದೇ ಮಾತು — "ಹತ್ತಿರ ಬನ್ನಿ, ಇನ್ನೂ ಹತ್ತಿರ, ಇರೋದೇ ಇಷ್ಟು ಜನ!" ಎಲ್ಲರೂ ಒತ್ತಿಕೊಂಡು ನಗೋರು. ಆಮೇಲೆ ಮೇಷ್ಟ್ರು ಒಬ್ಬರೇ ಟ್ರಾಮ್ ಹತ್ತಿ ಮನೆಗೆ ಹೋಗೋರು. ತಾವು ಮದುವೆ ಆಗಲಿಲ್ಲ. ಕೇಳಿದರೆ, "ವಾರಕ್ಕೆ ಮೂರು ಆಗ್ತಿದೆಯಲ್ಲಮ್ಮಾ, ಸಾಲದಾ?" ಅನ್ನೋರು.

ಹೋದ ವಾರ ತಫೀದಾ ಅಕ್ಕ, "ಮೇಜಿನ ಮೇಲಿಡೋಕೆ ನನ್ನ ತಮ್ಮನದೊಂದು ಫೋಟೋ ಕೊಡೇ" ಅಂದರು. ಹುಡುಕಿದೆ. ಎಷ್ಟು ಮದುವೆ, ಎಷ್ಟೆಷ್ಟು ಮುಖ — ಅವರದು ಒಂದೂ ಇಲ್ಲ. "ನನ್ನ ಕಡೆ ತಿರುಗಿಸಬೇಡ" ಅನ್ನೋರು. ನಾನೂ ತಿರುಗಿಸಲಿಲ್ಲ.

ಇಲ್ಲ — ಒಂದಿತ್ತು. ಅದನ್ನ ಹೇಳೋಕೇ ಇಲ್ಲಿ ನಿಂತಿದ್ದೀನಿ.

ಹನ್ನೊಂದು ವರ್ಷದ ಹಿಂದೆ, ಅಮ್ಮನ ಮನೇಲಿ ನನ್ನ ನಿಕಾಹ್. ಒಂಬತ್ತೇ ಜನ. ಅಪ್ಪನ ಕೈ, ನನ್ನ ಗಂಡ ಹಾಝಿಮ್ ಕೈ ಕೂಡಿಸಿ ಮೇಲೆ ಬಿಳಿ ಕರವಸ್ತ್ರ ಹಾಸಿಯಾಗಿದೆ. ಎರಡನೇ ಸಾಕ್ಷಿ ಮಾತ್ರ ಎಲ್ಲೋ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ. ನಿಕಾಹ್ ಬರೆಯೋ ಮಾಝೂನ್ ಸಾಹೇಬರಿಗೆ ಮುಂದಿನ ಮದುವೆ ಮನೆಗೆ ಹೊತ್ತಾಗ್ತಿದೆ. ಫೋಟೋ ತೆಗೀತಿದ್ದ ಮೇಷ್ಟ್ರಿಗೆ, "ಬನ್ನಿ, ನೀವೇ ಸಾಕ್ಷಿ ಕೂತ್ಕೊಳ್ಳಿ" ಅಂದರು. ಇವರು ಕ್ಯಾಮೆರಾ ಕಣ್ಣಿಗಿಟ್ಟುಕೊಂಡೇ ಕೂತರು! "ಯಜಮಾನ್ರೇ, ಸಾಕ್ಷಿ ಬರಿಗಣ್ಣಲ್ಲಿ ನೋಡಬೇಕು. ಮೊದಲು ಆ ಡಬ್ಬ ಕೆಳಗಿಡಿ" ಅಂದರು ಸಾಹೇಬರು.

ಮೇಷ್ಟ್ರು ಸುತ್ತ ನೋಡಿದರು. ಕ್ಯಾಮೆರಾ ತಂದು ನನ್ನ ಮಡಿಲಲ್ಲಿಟ್ಟರು — ಮದುಮಗಳ ಮಡಿಲಲ್ಲಿ! "ನೀನೇ ತೆಗಿ. ಬೇರೆಯವರು ಕೆಡಿಸಿಬಿಡ್ತಾರೆ." ಉದ್ದದ ಮದುವೆ ಬಟ್ಟೆ ಒಂದು ಕೈಲಿ ಎತ್ತಿ ಹಿಡಿದು, ನನ್ನ ಮದುವೇನ ನಾನೇ ತೆಗೆದೆ. ಆ ಚಿತ್ರದಲ್ಲಿ ಅಪ್ಪ ಇದ್ದಾರೆ, ಹಾಝಿಮ್ ಇದ್ದಾನೆ, ಬಲ ಅಂಚಲ್ಲಿ ಮೇಷ್ಟ್ರು ಇದ್ದಾರೆ. ನಾನು ಇಲ್ಲ. ಮೈಯೆಲ್ಲ ಉರಿದುಹೋಯ್ತು ನನಗೆ. ಪ್ರಿಂಟ್ ಹಾಕಿಸುವಾಗ — ಆ ಅಂಚು ಕತ್ತರಿಸಿಬಿಟ್ಟೆ. ಪೂರ್ತಿ ಚಿತ್ರ ನನ್ನ ಹತ್ತಿರ ಉಳಿಸಿಕೊಳ್ಳಲೂ ಇಲ್ಲ.

ಕತ್ತರಿಸಿದ್ದೇ ನಮ್ಮ ಮನೆ ಗೋಡೆ ಮೇಲಿದೆ. ಪ್ರತಿ ಈದ್‌ಗೆ ಮೇಷ್ಟ್ರು ಅದರ ಕೆಳಗೆ ಕೂತು ಚಹಾ ಕುಡಿದು ಹೋದರು. ಒಂದು ದಿನವೂ ಏನೂ ಕೇಳಲಿಲ್ಲ. ನಾನೂ ಕ್ಷಮಿಸಿ ಅನ್ನಲಿಲ್ಲ.

ಮೊನ್ನೆ ಅಕ್ಕನ ಜೊತೆ ಹೋಗಿ ಅವರ ಕೋಣೆಯ ಬೀಗ ತೆಗೆದೆ. ಅಷ್ಟು ಜನರ ಫೋಟೋ ತೆಗೆದವರ ಗೋಡೆ ಮೇಲೆ ಒಂದೇ ಒಂದು ಫೋಟೋ. ಈಗ ಈ ಮೇಜಿನ ಮೇಲಿದೆ, ನೋಡಿ — ಅಂಚು ಸಮೇತ. ಅಪ್ಪ, ಹಾಝಿಮ್ ಕರವಸ್ತ್ರ ನೋಡ್ತಿದ್ದಾರೆ. ಮೇಷ್ಟ್ರು ಮಾತ್ರ ನನ್ನನ್ನ ನೋಡಿ ನಗ್ತಿದ್ದಾರೆ. ಹಿಂದುಗಡೆ ಅವರದೇ ಅಕ್ಷರ: "ನಮ್ಮ ಮನೆ ಮದುವೆ."

ತಪ್ಪಾಯ್ತು ಮೇಷ್ಟ್ರೇ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮಾತು ಬೇಡ, ಫೋನೂ ಬೇಡ. ಗೋಡೆ ಪಕ್ಕ ನಿಂತಿರೋರು, ಆ ಕೊನೇ ಕುರ್ಚಿಯವರು, ನೀವೂ ಈ ಕಡೆ ಬನ್ನಿ. ಹತ್ತಿರ ಬನ್ನಿ — ಇನ್ನೂ ಹತ್ತಿರ. ಇರೋದೇ ಇಷ್ಟು ಜನ.