ಇಳಿಯದ ಶಟರು

ದೆವ್ವ ಇದೆಯೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ. ಇದ್ದರೆ ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದೆಲ್ಲ ನಮ್ಮವರ ಮೇಲೆ. ಆ ಟ್ಯೂಬ್‌ಲೈಟ್ ಆರಿಸಿ... ಹೇಳುತ್ತೇನೆ. ನನ್ನ ಚಿಕ್ಕಮ್ಮನ ಮಗ ರತನನಿಗೆ ಆದದ್ದು ಇದು. ಅವನನ್ನು ಕಾರಿನಲ್ಲಿ ಹಾಕಿಕೊಂಡು ಹೋದವನು ನಾನೇ.

ಸಾಸ್ತಾನದ ಹೈವೇಯಿಂದ ಕಡಲಿನ ಕಡೆಗೆ ತಿರುಗಿದರೆ ಒಂದು ಆಲದ ಮರ. ಅದರ ಬುಡದಲ್ಲಿ ಹಾಳು ಬಾವಿ. ಬಾವಿಗೆ ತಾಗಿದಂತೆ ರತನನ ವೆಲ್ಡಿಂಗ್ ಶೆಡ್ಡು. ಅವನ ಹೆಂಡತಿ ಚಂದನಾ ಗೇರುಬೀಜದ ಫ್ಯಾಕ್ಟರಿಯಿಂದ ಆ ದಾರಿಯಲ್ಲೇ ಮನೆಗೆ ಬರುವುದು. ಅಂದು ಕೆಲಸ ಮುಗಿಯುವಾಗ ಕತ್ತಲಾಗಿತ್ತು. ಚಳಿ ಮುಗಿಯುವ ಕಾಲ, ಮಳೆಯ ಸುಳಿವೇ ಇಲ್ಲ.

ಆಲದ ಹತ್ತಿರ ಬರುವಾಗ ಸದ್ದು ಕೇಳಿತು. ಕಿರ್ರ್... ಕೀಂಯ್... ಕಿರ್ರ್...

ಬಾವಿಯ ರಾಟೆ. ಆ ರಾಟೆಗೆ ಹಗ್ಗ ಕಟ್ಟಿ ಎಷ್ಟೋ ವರ್ಷವಾಗಿದೆ.

ಆಮೇಲೆ ಶೆಡ್ಡಿನ ಶಟರು ಗಡಗಡಗಡ ಎಂದು ಮೇಲೆ ಹೋದ ಸದ್ದು. ಅದರ ಹಿಂದೆಯೇ ಏನೋ ಧೊಪ್ಪೆಂದು ಬಿದ್ದ ಸದ್ದು. ಚಂದನಾ ಓಡಿದಳು. ರತನ ಶೆಡ್ಡಿನ ಹೊರಗೆ ಮಣ್ಣಿನಲ್ಲಿ ಬೋರಲು ಬಿದ್ದು ಕೆಮ್ಮುತ್ತಿದ್ದ. ಅಂಗಿಯ ಕಾಲರು ಮಾತ್ರ ತೊಯ್ದು ತೊಪ್ಪೆ.

"ಹ್ವಾಯ್... ಎಂತ ಆಯ್ತ್?"

"ಮೆತ್ತಗ್ ಮಾತಾಡ್. ಪದ್ದು ಬಂದಿದ್ಲ್."

"ಶಟರ್ ತೆಗ್ದದ್ ಯಾರ್?"

"ನಾನಲ್ಲ..."

ಪದ್ದು ಯಾರೆಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ನಮ್ಮಜ್ಜಿಯ ಕಾಲದವಳು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದವಳು ನೀರು ಸೇದಲು ಬಗ್ಗಿ ಹೊರೆ ಸಮೇತ ಆ ಬಾವಿಗೆ ಬಿದ್ದಳಂತೆ. ಅಂದಿನಿಂದ ಊರಿಗೆ ಒಂದು ಪಾಠ. ಆಲದ ಹತ್ತಿರ ಮುಗ್ಗಿದ ಹುಲ್ಲಿನ ವಾಸನೆ ಬಂತೋ, ಅವಳು ಬಂದಳು ಎಂದೇ ಲೆಕ್ಕ. ಬಾಗಿಲು ಹಾಕಬೇಕು. ಕರೆದರೆ ಓಗೊಡಬಾರದು. ನಮಗೆಲ್ಲ ಇದನ್ನು ಕೈತುತ್ತಿನ ಜೊತೆಗೇ ತಿನ್ನಿಸಿದ್ದಾರೆ.

ಅಂದು ರತನನ ಮುಂದೆ ಬೋಟಿನ ವಿಂಚ್ ಇತ್ತು, ಬಲೆ ಎಳೆಯುವ ಯಂತ್ರ. ಮೈಯೆಲ್ಲ ಮೀನಿನ ಲೋಳೆ, ಗ್ರೀಸು. ಬೆಳಗಾಗುವ ಮೊದಲು ಬೋಟು ಕಡಲಿಗೆ ಇಳಿಯಬೇಕು. ಮುಂಬೈಯ ಗ್ಯಾರೇಜಿನಲ್ಲಿರುವ ಅವನ ಭಾವ ಒಂದು ಸ್ಪ್ರೇ ಡಬ್ಬಿ ತಂದುಕೊಟ್ಟಿದ್ದ, ಬ್ರೇಕ್ ತೊಳೆಯುವಂಥದ್ದು. ಹೊಡೆದರೆ ಗ್ರೀಸು ನೀರಾಗಿ ಇಳಿಯುತ್ತದೆ. ಡಬ್ಬಿಯ ಮೇಲೆ ಬೆಂಕಿಯ ಹತ್ತಿರ ಬೇಡವೆಂದು ಬರೆದಿತ್ತು. ನಾನೂ ಬಾಯಿಬಿಟ್ಟು ಹೇಳಿದ್ದೆ. ಕೋಣನ ಮುಂದೆ ಕಿನ್ನರಿ!

"ಅದ್ ಬೇಗ ಒಣ್ಗತ್ತ್ ಮಾರಾಯ," ಎಂದಿದ್ದ.

ಫುಸ್ಸ್... ಎಂದು ಹೊಡೆದ. ವಿಂಚಿನ ಮೂಲೆಯಲ್ಲಿ ಇನ್ನೂ ಹಸಿ ಇರುವಾಗಲೇ ವೆಲ್ಡಿಂಗ್ ರಾಡ್ ತಾಗಿಸಿದ. ಚರ್ರ್ ಚಟ್ ಚಟ್... ಬಿಳಿ ಹೊಗೆ ಎದ್ದಿತು. ಅದರ ಜೊತೆ ವಾಸನೆ. ಮುಗ್ಗಿದ ಹುಲ್ಲಿನದು.

ಅವನು ಏನು ಮಾಡಬೇಕಿತ್ತು? ಹೊರಗೆ ಓಡಬೇಕಿತ್ತು. ಈ ಮಹಾಶಯ ಶಟರು ಎಳೆದು ಒಳಗಿನಿಂದ ಚಿಲಕ ಹಾಕಿಕೊಂಡ! ಕಿಟಕಿಯನ್ನೂ ಮುಚ್ಚಿದ. ಮುಚ್ಚಿದಷ್ಟೂ ವಾಸನೆ ಹೆಚ್ಚಿತು. ಕಣ್ಣು ಉರಿಯಿತು, ಗಂಟಲು ಬಿಗಿಯಿತು. ಆಗ ಹೊರಗಿನಿಂದ ಶಟರಿಗೆ ಬಡಿದ ಸದ್ದು. ಧಬ್... ಧಬ್...

"ರತನಾ... ಹೊರ್ಗ್ ಬಾ."

ಹೆಣ್ಣು ದನಿ. ಅವನು ಬಾಯಿಗೆ ಕೈ ಒತ್ತಿಕೊಂಡು ಕೂತ.

"ಬಾ ಮಗಾ... ಬೇಗ ಬಾ..."

ಆಮೇಲಿನದ್ದು ಅವನಿಗೆ ನೆನಪಿಲ್ಲ. ಯಾರೋ ಕಾಲರು ಹಿಡಿದು ಎಳೆದರು ಎನ್ನುತ್ತಾನೆ, ಅಷ್ಟೇ.

ಮನೆಗೆ ಬಂದಾಗ ಕೆಮ್ಮು ಇಳಿದಿತ್ತು. ಗಂಜಿ ಉಂಡ. ಹುಷಾರಾದ ಎಂದುಕೊಂಡರು. ಮಲಗಿದ ಮೇಲೆ ಶುರುವಾಯಿತು. ಎದೆಯಲ್ಲಿ ಗೊರ್... ಗೊರ್... ಬಾಯಲ್ಲಿ ನೊರೆ. ನಮ್ಮ ಸೋದರಮಾವ ಚಂದಯ್ಯ ಊರಿಗೇ ಬುದ್ಧಿ ಹೇಳುವ ಹಿರಿಯರು. ಅವರು ಮಾಡಿದ್ದೇನು? ಕಿಟಕಿ ಬಾಗಿಲು ಹಾಕಿಸಿ, ಒಣಮೆಣಸು ನಿವಾಳಿಸಿ ಕೆಂಡಕ್ಕೆ ಹಾಕಿದರು. ಅಯ್ಯೋ ದೇವರೇ! ಉಸಿರು ಸಿಗದೆ ಒದ್ದಾಡುವವನ ಮೂಗಿಗೆ ಮೆಣಸಿನ ಘಾಟು!

ಚಂದನಾ ನನಗೆ ಫೋನ್ ಮಾಡಿ ಪಿಸುಗುಟ್ಟಿದಳು. "ಬಾವ, ಇವ್ರ್ ತುಟಿ ನೀಲಿ ಆಯ್ತ್... ಆಸ್ಪತ್ರಿಗ್ ಕರ್ಕೊಂಡ್ ಹೋಪುಕ್ ಇವ್ರೆಲ್ಲ ಬಿಡುದಿಲ್ಲ."

ಹೋಗಿ ಬಾಗಿಲಿಗೆ ಒದ್ದೆ. "ಬೆಳಗಾದ್ ಮೇಲ್ ಹೋಯ್ಲಕ್, ಈಗ ಹೊರ್ಗ್ ಹಾಕ್ರೆ ಅವ್ಳ್ ಬಿಡುದಿಲ್ಲ," ಎಂದು ಚಂದಯ್ಯ ಅಡ್ಡ ನಿಂತರು. ಹಿರಿಯರನ್ನು ತಳ್ಳಬಾರದು, ಗೊತ್ತು. ತಳ್ಳಿದೆ.

ದಾರಿಯಲ್ಲಿ ಶೆಡ್ಡಿನಿಂದ ಎತ್ತಿಕೊಂಡ ಡಬ್ಬಿಯನ್ನು ಆಸ್ಪತ್ರೆಯಲ್ಲಿ ಡಾಕ್ಟರಿಗೆ ತೋರಿಸಿದೆ. ಇದರಲ್ಲಿ ಕ್ಲೋರಿನ್ ಇದೆ, ವೆಲ್ಡಿಂಗಿನ ಕಾವು ತಾಗಿದರೆ ವಿಷಗಾಳಿಯಾಗುತ್ತದೆ ಎಂದರು. ಮೊದಲ ಕೆಮ್ಮು ಇಳಿದು ಸರಿಹೋದ ಹಾಗೆ ಅನಿಸುತ್ತದೆ, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ವಾಸನೆ ಮಾತ್ರ ಮುಗ್ಗಿದ ಹುಲ್ಲಿನ ಹಾಗೆ. "ಶೆಡ್ಡಿನಿಂದ ಹೊರಗೆ ತಂದವರು ಯಾರು? ಇನ್ನು ಸ್ವಲ್ಪ ಹೊತ್ತು ಒಳಗಿದ್ದರೆ ಇಲ್ಲಿಗೆ ತರುವ ಅಗತ್ಯವೇ ಇರುತ್ತಿರಲಿಲ್ಲ," ಎಂದರು.

ಚಂದನಾ ನನ್ನ ಕಿವಿಯಲ್ಲಿ ಆ ತೊಯ್ದ ಕಾಲರಿನ ಮಾತು ಹೇಳಿದಳು.

ರತನ ಉಳಿದ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನಮ್ಮವರಿಗೆ ಅದೂ ಇಲ್ಲ. ಚಂದಯ್ಯ ಬಾವಿಗೆ ಕಲ್ಲುಚಪ್ಪಡಿ ಹಾಕಿಸಿ ಪೂಜೆ ಮಾಡಿಸಿದರು. "ಅವ್ಳ್ ಕರ್ದದ್ ನಿನ್ನ್ ಉಳ್ಸುಕ್ ಮಾರಾಯ!" ಎಂದು ರತನನ ಮುಂದೆ ಬಡಕೊಂಡೆ. ಯಾರು ಕೇಳಬೇಕು? ಮೊನ್ನೆ ಹೋಗಿ ನೋಡುತ್ತೇನೆ, ರತನನ ಶೆಲ್ಫಿನ ಮೇಲೆ ಅದೇ ಜಾತಿಯ ಹೊಸ ಡಬ್ಬಿ. ತೆಗೆದು ಬಿಸಾಡಿದೆ. ಮತ್ತೆ ತಂದಿರುತ್ತಾನೆ, ಬಿಡಿ.

ಆದರೆ ಆ ಶೆಡ್ಡು ಮುಚ್ಚುವುದಿಲ್ಲ. ಸ್ಪ್ರಿಂಗ್ ಬದಲಿಸಿದ್ದಾಯಿತು, ಪಟ್ಟಿ ಹೊಸದು ಹಾಕಿಸಿದ್ದಾಯಿತು. ಶಟರು ಗಡಗಡ ಇಳಿದು ಬರುತ್ತದೆ, ಒಬ್ಬ ಮನುಷ್ಯ ತೆವಳಿ ಹೊರಗೆ ಬರುವಷ್ಟು ಜಾಗ ಬಿಟ್ಟು ನಿಲ್ಲುತ್ತದೆ. ನಾನೇ ಜೋತುಬಿದ್ದು ನೋಡಿದ್ದೇನೆ. ನನ್ನ ಮಾತು ನಂಬಬೇಡಿ, ನಾಳೆ ಮಟಮಟ ಮಧ್ಯಾಹ್ನ ಹೋಗಿ ಅಡಿಯ ಅಂಚಿಗೆ ಕೈ ಹಾಕಿ.

ಒದ್ದೆ ಇರುತ್ತದೆ.