ನೆಗೆಣ್ಣಿಯ ರೊಟ್ಟಿ ವಿಡಿಯೊ

ಕುಷ್ಟಗಿ ಬಸ್ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದ ಗೋವಿಂದರಾಜನ ಕಣ್ಣು ಪತ್ರಿಕೆಯ ಮೇಲಿತ್ತು, ಕಿವಿ ಮಾತ್ರ ಹಿಂದಿನ ಬೆಂಚಿನತ್ತ ಹೊರಳಿತು. ಅಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಗೆಳತಿಗೆ ಮೊಬೈಲು ತೋರಿಸುತ್ತಿದ್ದಳು.

“ನೋಡವಾ, ನಮ್ಮ ನೆಗೆಣ್ಣಿ ಐಶ್ವರ್ಯ, ನನ್ನ ಮೈದುನನ ಹೇಣ್ತಿ. ರೊಟ್ಟಿ ಬಡಿಯೋದು ಕಲಿಸಿದಾಕಿ ನಾನು, ಇನ್‌ಸ್ಟಾಗ್ರಾಮಿನಾಗ ಹೆಸರು ಅಕಿದು!”

“ನೀನೂ ವಿಡಿಯೊ ಹಾಕು ಕಳಕಕ್ಕ.”

“ನಾ ಯಾಕ ಕುಣೀಲಿ? ನನ್ನ ಖಾನಾವಳಿ ಗಿರಾಕಿ ಎಲ್ಲಾ ಅಕಿ ಕಡೆ ಹೋಗ್ಯಾರ. ಸಿಟ್ಟಿಗೆದ್ದು ಮೊನ್ನಿ ಅಕಿ ವಿಡಿಯೊದ ಕೆಳಗ, ‘ರೊಟ್ಟಿ ದಪ್ಪ ಅದಾವು’ ಅಂತ ಬರದೆ.”

“ಆಮ್ಯಾಲ?”

“ಮಂದಿ ಎಲ್ಲಾ ಅಕಿ ಪರ ಜಗಳಕ್ಕ ಬಂದ್ರು. ಆ ಗದ್ದಲದಾಗ ಅಕಿಗೆ ಮತ್ತೆರಡು ಮದುವಿ ಆರ್ಡರ್ ಬಂದ್ವು!”

“ದಿನಕ್ಕ ಎಷ್ಟು ಸಲ ನೋಡ್ತಿ ಇದನ್ನ?”

“ಎಷ್ಟು ಮಂದಿ ನೋಡ್ಯಾರ ಅಂತ ತಿಳಕೊಳ್ಳಾಕ ಹತ್ತಿಪ್ಪತ್ತು ಸಲ. ಯಜಮಾನ್ರ ಫೋನಿನಾಗೂ ನೋಡ್ತೀನಿ.”

“ಹಂಗಾರ ಅಕಿನ್ನ ಮ್ಯಾಲ ಏರಿಸಾಕಿ ನೀನ ಬಿಡು!”

ಕಳಕಮ್ಮ ಮೊಬೈಲು ಚೀಲಕ್ಕೆ ಹಾಕಿದಳು. ಹನುಮಸಾಗರದ ಬಸ್ಸು ಬಂತು. ಇಬ್ಬರೂ ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಎದುರಿನಿಂದ ಹಾದುಹೋಗುವಾಗ ಆ ಕಿಟಕಿಯಿಂದ ಎಳೆಯ ದನಿಯೊಂದು ಗೋವಿಂದರಾಜನಿಗೆ ಸ್ಪಷ್ಟವಾಗಿ ಕೇಳಿಸಿತು:

“ನಮಸ್ಕಾರ್ರಿ, ನಾ ನಿಮ್ಮ ಐಶ್ವರ್ಯ. ಇವತ್ತ ಸಜ್ಜಿ ರೊಟ್ಟಿ ಮಾಡೂಣ್ರಿ…”